ಹುಡುಗಿಯರಿಗೆ ಸ್ಕರ್ಟು, ಹುಡುಗರಿಗೆ ಪ್ಯಾಂಟು: ಕೊಡಗಿನ ಮಳೆಗೆ ಎರಡು ನಿಯಮ ಬೇಕೇ?

ಪೋಷಕರ_ಸಭೆ_ಮಡಿಕೇರಿ

ಶಾಲೆ ಶುರುವಾಗುವಾಗ ಕೈಗೆ ಕೊಡುವ ಸಮವಸ್ತ್ರದ ಚೀಟಿಯಲ್ಲಿ ಎರಡು ಕಾಲಂ ಇರುತ್ತದೆ. ಹುಡುಗಿಯರದ್ದು: ಮಂಡಿ ಮುಚ್ಚುವ ನೆರಿಗೆ ಸ್ಕರ್ಟು, ಉದ್ದ ಬಿಳಿ ಸಾಕ್ಸ್, ಬಕಲ್ ಶೂ, ರಿಬ್ಬನ್ ಕಟ್ಟಿದ ಎರಡು ಜಡೆ, ಹೈಸ್ಕೂಲಿಗೆ ಬಂದರೆ ಚೂಡಿದಾರ್, ಪಿನ್ ಹಾಕಿದ ವೇಲ್. ಹುಡುಗರದ್ದು: ಚಿಕ್ಕ ಕ್ಲಾಸಿಗೆ ಚಡ್ಡಿ, ಆಮೇಲೆ ಪ್ಯಾಂಟು, ಲೇಸ್ ಶೂ, ಗಿಡ್ಡ ಕೂದಲು. ಶನಿವಾರ ಎಲ್ಲರಿಗೂ ಬಿಳಿ. ಎಲ್ಲ ಶಾಲೆಯಲ್ಲೂ ಹೀಗೇ ಅಲ್ಲ, ಆದರೆ ಜಿಲ್ಲೆಯಲ್ಲಿ ಹೆಚ್ಚುಕಮ್ಮಿ ಇದೇ ಅಚ್ಚು.

ಈ ವ್ಯತ್ಯಾಸಗಳಲ್ಲಿ ಯಾವುದು ಮಕ್ಕಳ ಮೈಕಟ್ಟಿಗೆ, ಅನುಕೂಲಕ್ಕೆ ಬೇಕಾದದ್ದು, ಯಾವುದು ಬರೀ ರೂಢಿ ಎಂದು ಬಿಡಿಸಿ ನೋಡಬೇಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ದಾರಿಯಲ್ಲಿ ನಡೆದು ಬಸ್ಸು ಹಿಡಿಯುವ ಮಕ್ಕಳನ್ನು ಕಣ್ಣಮುಂದೆ ಇಟ್ಟುಕೊಂಡು ಹೇಳಿ. ತಲೆವಸ್ತ್ರದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2022ರ ಅಕ್ಟೋಬರ್‌ನಲ್ಲಿ ಭಿನ್ನ ತೀರ್ಪು ಕೊಟ್ಟಿದ್ದಾರೆ. ಅದು ಬೇರೆಯದೇ ಚರ್ಚೆ, ಇಲ್ಲಿ ಎಳೆಯುವುದು ಬೇಡ.

ನಾಪೋಕ್ಲು_ಟೈಲರ್

ಬಟ್ಟೆಯಿಂದಲೇ ಶುರು ಮಾಡುತ್ತೇನೆ. ಸ್ಕರ್ಟು ಬೇಗ ಒಣಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಾಕ್ಸ್ ನೆರಿಗೆಯ ಸ್ಕರ್ಟು ಒಣಗುವುದಿಲ್ಲ. ನೆರಿಗೆ ಬಿದ್ದ ಜಾಗದಲ್ಲಿ ಬಟ್ಟೆ ಮೂರು ಪದರ ಇರುತ್ತದೆ, ಬೆಲ್ಟಿನ ಹತ್ತಿರ ಕ್ಯಾನ್ವಾಸ್ ಸೇರಿ ಇನ್ನೂ ದಪ್ಪ. ಒಲೆ ಮೇಲಿನ ಹಗ್ಗಕ್ಕೆ ರಾತ್ರಿಯಿಡೀ ಹಾಕಿದರೂ ಬೆಳಗ್ಗೆ ಹೊರಪದರ ಒಣಗಿರುತ್ತದೆ, ಒಳಗೆ ತೇವ ಹಾಗೇ. ಇಸ್ತ್ರಿ ಪೆಟ್ಟಿಗೆ ಇಟ್ಟಾಗ ಹಬೆ ಎದ್ದು ಮುಗ್ಗಲು ವಾಸನೆ ಬರುವುದು ಅದಕ್ಕೇ.

ಖರ್ಚೂ ಜಾಸ್ತಿ. 24 ಇಂಚು ಸೊಂಟದ ಮಗುವಿಗೆ ಪೂರಾ ನೆರಿಗೆ ಹಾಕಲು ಮೂರು ಪಟ್ಟು, ಅಂದರೆ 72 ಇಂಚು ಸುತ್ತು ಬಟ್ಟೆ ಬೇಕು. 58 ಇಂಚು ಅಗಲದ ಬಟ್ಟೆಯಲ್ಲಿ ಅದು ಒಂದು ಪಟ್ಟಿಯಲ್ಲಿ ಮುಗಿಯುವುದಿಲ್ಲ, ಎರಡು ಪಟ್ಟಿ ಜೋಡಿಸಬೇಕು. 20 ಇಂಚು ಉದ್ದ, 3 ಇಂಚು ಮಡಿಕೆ ಅಂದರೂ ಸುಮಾರು 1.2 ಮೀಟರ್ ಹೋಯಿತು. ಅದೇ ಮಗುವಿಗೆ ನೆರಿಗೆ ಇಲ್ಲದ ಎ-ಲೈನ್ ಸ್ಕರ್ಟು 70 ಸೆಂಟಿಮೀಟರಿನಲ್ಲಿ ಆಗುತ್ತದೆ, ಬೆಲ್ಟೂ ಅದರಲ್ಲೇ. ಐದನೇ ಕ್ಲಾಸಿನ ಮಗುವಿನ ಪ್ಯಾಂಟಿಗೆ ಒಂದು ಮೀಟರ್. ಚೂಡಿದಾರ್ ಸೆಟ್ಟು 36 ಇಂಚು ಅಗಲದ ಬಟ್ಟೆಯಲ್ಲಿ ಟಾಪಿಗೆ 2, ಪ್ಯಾಂಟಿಗೆ 2, ವೇಲಿಗೆ 2 ಎಂದು ಆರು ಮೀಟರ್ ತಿನ್ನುತ್ತದೆ. ಹೈಸ್ಕೂಲಿಗೆ ಮಗಳನ್ನು ಕಳಿಸುವ ಮನೆಗೆ ಮಗನ ಮನೆಗಿಂತ ಹೆಚ್ಚು ಬೀಳುವುದು ಇಲ್ಲೇ.

ಕಾಟನ್ ಒಳ್ಳೆಯದು ಎನ್ನುವವರು ಜುಲೈಯಲ್ಲಿ ಭಾಗಮಂಡಲಕ್ಕೆ ಬಂದು ಒಣಗಿಸಿ ನೋಡಲಿ. ಇಲ್ಲಿಗೆ ಕೆಳಗಿನ ಉಡುಪಿಗೆ ಪಾಲಿಯೆಸ್ಟರ್-ವಿಸ್ಕೋಸ್, ಶರ್ಟಿಗೆ ಟೆರಿಕಾಟ್ ಸರಿ. ಆದರೆ ಪಾಲಿಯೆಸ್ಟರ್ ಇರುವ ಬಟ್ಟೆಯನ್ನು ಕೆಂಡದ ಹತ್ತಿರ ಹಾಕಬೇಡಿ, ಒಂದು ಕಿಡಿ ಸಾಕು, ತೂತು.

ತೋಟದ_ಮನೆ_ಅಕ್ಕ

ಟೈಲರಣ್ಣ, ನಿಮ್ಮ ಲೆಕ್ಕ ಒಪ್ಪಿದೆ. ಆದರೆ ಎಲ್ಲ ಹುಡುಗಿಯರಿಗೂ ಪ್ಯಾಂಟೇ ಎಂದು ಹೊರಡುವ ಮೊದಲು ದಾರಿ ನೋಡಿ. ಮಳೆಕೋಟಿನ ಅಂಚಿನಿಂದ ಇಳಿಯುವ ನೀರು ನೇರ ಪ್ಯಾಂಟಿನ ಮಂಡಿಗೇ ಬೀಳುತ್ತದೆ. ಒಂದು ಮೈಲಿ ನಡೆದರೆ ಮಂಡಿಯಿಂದ ಕೆಳಗೆ ಹಿಂಡುವಷ್ಟು ನೀರು, ಆ ಒದ್ದೆಯಲ್ಲೇ ಸಂಜೆ ನಾಲ್ಕರವರೆಗೆ ಕೂರಬೇಕು. ಸ್ಕರ್ಟಿನ ಮಗುವಿಗೆ ಕಾಲು ಮಾತ್ರ ಒದ್ದೆ, ಟವೆಲಿನಲ್ಲಿ ಒರೆಸಿದರೆ ಮುಗಿಯಿತು. ಚಡ್ಡಿ ಹಾಕಿದ ಹುಡುಗನಿಗೂ ಅದೇ ಅನುಕೂಲ.

ಇಂಬಳದ (ಜಿಗಣೆಯ) ವಿಷಯವೂ ಅಷ್ಟೇ. ಬರಿಗಾಲ ಮೇಲೆ ಹತ್ತಿದ ಇಂಬಳ ಕಾಣುತ್ತದೆ, ಕಿತ್ತು ಎಸೆಯಬಹುದು. ಪ್ಯಾಂಟಿನ ಒಳಗೆ ಸೇರಿದರೆ ರಕ್ತ ಇಳಿದು ಸಾಕ್ಸ್ ನೆನೆದ ಮೇಲೇ ಗೊತ್ತಾಗುವುದು. ಪ್ಯಾಂಟು ಹಾಕುವ ಮಕ್ಕಳು ಅದರ ಅಂಚನ್ನು ಸಾಕ್ಸಿನ ಒಳಗೆ ತೂರಿಸಬೇಕು, ಆಗ ಇಂಬಳ ಹೊರಗಿನಿಂದಲೇ ಹತ್ತುತ್ತದೆ, ಸಿಗುತ್ತದೆ. ಸಾಕ್ಸಿನ ಮೇಲ್ಭಾಗಕ್ಕೆ ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಸವರುವುದು ಗೊತ್ತೇ ಇದೆ, ಆದರೆ ಜೋರು ಮಳೆಯಲ್ಲಿ ಅರ್ಧ ದಾರಿಗೇ ತೊಳೆದುಹೋಗುತ್ತದೆ.

ಇನ್ನೊಂದು, ಶೌಚಾಲಯ. ಒಂದು-ಎರಡನೇ ಕ್ಲಾಸಿನ ಮಗುವಿಗೆ ಹುಕ್ಕು, ಜಿಪ್ಪು ಇರುವ ಪ್ಯಾಂಟು ಕೊಡಲೇಬೇಡಿ, ಹುಡುಗನಾಗಲಿ ಹುಡುಗಿಯಾಗಲಿ. ಹೈಸ್ಕೂಲಿನ ಚೂಡಿದಾರ್ ಪ್ಯಾಂಟಿಗೆ ಲಾಡಿ ಹಾಕುತ್ತಾರಲ್ಲ, ಅದು ಒದ್ದೆಯಾದರೆ ಗಂಟು ಬಿಗಿದುಕೊಳ್ಳುತ್ತದೆ. ಹತ್ತು ನಿಮಿಷದ ಬಿಡುವಿನಲ್ಲಿ ಉಗುರಿನಲ್ಲಿ ಕೆದಕಿದರೂ ಬಿಚ್ಚಿಕೊಳ್ಳುವುದಿಲ್ಲ. ಹುಡುಗಿ ಮತ್ತೆ ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಡುತ್ತಾಳೆ.

ಪಿಟಿ_ಮಾಸ್ತರ್_ಪೊನ್ನಂಪೇಟೆ

ಅಕ್ಕ ಹೇಳಿದ್ದು ದಾರಿಯ ಮಾತು. ಶಾಲೆ ಒಳಗೆ ಬಂದ ಮೇಲೆ ಸ್ಕರ್ಟು ಏನು ಮಾಡುತ್ತದೆ ನೋಡಿ. ನೆಲದ ಮೇಲೆ ಕೂರುವಾಗ ಹುಡುಗಿ ಎರಡೂ ಕೈಯಲ್ಲಿ ಸ್ಕರ್ಟು ಒತ್ತಿಕೊಂಡೇ ಕೂರಬೇಕು. ಕಾಲು ಮಡಚಿ ಬರೆಯಲು ಆಗದೆ ಒಂದೇ ಮಗ್ಗುಲಿಗೆ ವಾಲಿರುತ್ತಾಳೆ. ಆಟದ ಪೀರಿಯಡ್ ದಿನವಿದ್ದರೂ ಟ್ರ್ಯಾಕ್ ಪ್ಯಾಂಟು ವಾರಕ್ಕೆ ಒಂದೇ ದಿನ. ಉಳಿದ ದಿನ ಹುಡುಗರು ಇದ್ದ ಉಡುಪಿನಲ್ಲೇ ಮೈದಾನಕ್ಕೆ ಓಡುತ್ತಾರೆ, ಹುಡುಗಿಯರು ಕಟ್ಟೆ ಮೇಲೆ ಕೂರುತ್ತಾರೆ. ಅವರಿಗೆ ಆಟದಲ್ಲಿ ಆಸಕ್ತಿ ಇಲ್ಲ ಎಂದು ನಾವೇ ಬರೆದುಕೊಳ್ಳುತ್ತೇವೆ! ಹಾಕಿ ಆಡುವ ಜಿಲ್ಲೆ ನಮ್ಮದು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮನೆತನದ ತಂಡಕ್ಕೆ ಹೆಣ್ಣುಮಕ್ಕಳೂ ಗಂಡಸರ ಜೊತೆ ಇಳಿದು ಆಡಿದ್ದಾರೆ. ಶಾಲೆಯ ಅಂಗಳದಲ್ಲಿ ಮಾತ್ರ ಉಡುಪು ಅಡ್ಡ ಬರಬೇಕೇ?

ಎನ್‌ಸಿಸಿ ಪರೇಡಿಗೆ ಹುಡುಗ ಹುಡುಗಿ ಇಬ್ಬರಿಗೂ ಶರ್ಟು-ಪ್ಯಾಂಟೇ. ವಾರದಲ್ಲಿ ಒಂದು ದಿನ ಸರಿ ಇರುವ ಉಡುಪು ಮಿಕ್ಕ ದಿನ ಯಾಕೆ ತಪ್ಪಾಗುತ್ತದೆ ಎನ್ನುವುದಕ್ಕೆ ಯಾವ ಆಡಳಿತ ಮಂಡಳಿಯೂ ಉತ್ತರ ಕೊಟ್ಟದ್ದು ಕೇಳಿಲ್ಲ.

ಸ್ಕರ್ಟು ಬೇಕೆನ್ನುವವರಿಗೆ ಇರಲಿ, ಆದರೆ ಒಳಗೆ ಅದೇ ಬಣ್ಣದ ಸೈಕ್ಲಿಂಗ್ ಶಾರ್ಟ್ಸ್ ಹಾಕಲು ಚೀಟಿಯಲ್ಲೇ ಬರೆಯಿರಿ. ಕೆಲವು ಕಡೆ ಒಳಗಿನ ಶಾರ್ಟ್ಸ್ ಕಂಡರೆ ಬೈಯುತ್ತಾರೆ.

ಆರೋಗ್ಯ_ಸೋಮವಾರಪೇಟೆ

ಶನಿವಾರದ ಬಿಳಿ ಬಗ್ಗೆ ಯಾರೂ ಹೇಳಲಿಲ್ಲ. ನಿಯಮ ಇಬ್ಬರಿಗೂ ಒಂದೇ, ಆದರೆ ಭಾರ ಒಂದೇ ಅಲ್ಲ. ಮುಟ್ಟಾದ ಹುಡುಗಿಗೆ ಬಿಳಿ ಸ್ಕರ್ಟು ಅಥವಾ ಬಿಳಿ ಚೂಡಿದಾರ್ ಪ್ಯಾಂಟು ಹಾಕಿ ಡ್ರಿಲ್ ಮಾಡು ಎಂದರೆ ಅವಳು ಆ ದಿನ ಶಾಲೆಗೇ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಆರರಿಂದ ಹತ್ತನೇ ಕ್ಲಾಸಿನ ಹುಡುಗಿಯರ ಶನಿವಾರದ ಕಾಲಂ ಮಾತ್ರ ತೆಗೆದು ನೋಡಿ, ಪ್ರತಿ ಶಾಲೆಯೂ ತಾನೇ ಎಣಿಸಿಕೊಳ್ಳಬಹುದು. ಮೇಲೆ ಬಿಳಿ ಟೀ-ಶರ್ಟು ಇರಲಿ, ಕೆಳಗೆ ವಾರದ ನೇವಿ ಬ್ಲೂ ಉಡುಪೇ ಇರಲಿ. ಖರ್ಚೂ ಒಂದು ಜೊತೆ ಉಳಿಯಿತು, ಕೆಂಪು ಮಣ್ಣಿನ ಕಲೆಯ ಕಾಟವೂ ಹೋಯಿತು.

ತೆಳು ಬಿಳಿ ಶರ್ಟು ನೆನೆದರೆ ಒಳಗಿನದೆಲ್ಲ ಕಾಣುತ್ತದೆ. ಒದ್ದೆ ಮೈಯಲ್ಲಿ ಬಸ್ಸು ಹತ್ತುವ ಹುಡುಗಿಯರು ಬ್ಯಾಗನ್ನು ಬೆನ್ನಿಗೆ ಹಾಕದೆ ಎದೆಗೆ ಅಪ್ಪಿಕೊಳ್ಳುವುದು ಅದಕ್ಕೆ. ಸಣ್ಣ ಚೆಕ್ಸ್ ಅಥವಾ ನಸುನೀಲಿ ಶರ್ಟು ಆದರೆ ಆ ತೊಂದರೆ ಇಲ್ಲ.

ತೇವದ ಉಡುಪಿನಿಂದ ತೊಡೆಸಂದಿಯ ಹುಳುಕಡ್ಡಿ ಹುಡುಗರಲ್ಲೂ ಹುಡುಗಿಯರಲ್ಲೂ ಬರುತ್ತದೆ. ಬಿಗಿ ಲೆಗ್ಗಿಂಗ್ಸು, ಒದ್ದೆ ಜೀನ್ಸ್ ಬಟ್ಟೆ ಎರಡೂ ಬೇಡ. ಮಳೆಗಾಲಕ್ಕೆ ಬೇಕಾದದ್ದು ಎರಡಲ್ಲ, ಮೂರು ಕೆಳ ಉಡುಪು: ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಒಣಗಿದ್ದು ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿನ ಒಳಗೆ. ಶಾಲೆಗೆ ಬಂದು ಬದಲಿಸಲು ಬಾಗಿಲು ಚಿಲಕ ಸರಿ ಇರುವ ಒಂದು ಕೋಣೆ ಬೇಕು. ಅಕ್ಕ ಹೇಳಿದ ಒದ್ದೆ ಮಂಡಿಗೆ ಮದ್ದು ಅದೇ.

ಕೂದಲು: ಸ್ನಾನ ಮಾಡಿಸಿ ಹಸಿ ಕೂದಲನ್ನೇ ಎರಡು ಜಡೆ ಹೆಣೆದು ಮಡಚಿ ರಿಬ್ಬನ್ ಕಟ್ಟಿದರೆ ಬುಡ ಒಣಗುವುದೇ ಇಲ್ಲ. ಕೂದಲು ಕಣ್ಣಿಗೆ ಬೀಳಬಾರದು, ಭುಜ ದಾಟಿದರೆ ಕಟ್ಟಿರಬೇಕು. ಇಬ್ಬರಿಗೂ ಇಷ್ಟೇ ಸಾಕು.

ವಕೀಲ_ವಿರಾಜಪೇಟೆ

ಕಾನೂನಿನ ಕಡೆ ನೋಡೋಣ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಕೆಳಗೆ 1995ರಲ್ಲಿ ಮಾಡಿದ ನಿಯಮಗಳಿವೆ. ಅದರ 11ನೇ ನಿಯಮ ಮಾನ್ಯತೆ ಪಡೆದ ಸಂಸ್ಥೆ ತನ್ನ ಸಮವಸ್ತ್ರವನ್ನು ತಾನೇ ನಿಗದಿಪಡಿಸಬಹುದು ಎನ್ನುತ್ತದೆ. ಒಮ್ಮೆ ನಿಗದಿಪಡಿಸಿದ್ದನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೆ 1983ರ ಕಾಯ್ದೆಯ ಬಹುಭಾಗ ಅನ್ವಯಿಸುವುದಿಲ್ಲ, ಅಲ್ಲಿ ಆಡಳಿತ ಮಂಡಳಿಗೇ ಅರ್ಜಿ ಕೊಡಬೇಕು.

ಹಾಗಾಗಿ ಮೊದಲ ಕೆಲಸ, ಈಗಿನ ಸಮವಸ್ತ್ರ ಯಾವ ವರ್ಷ ಜಾರಿಗೆ ಬಂತು ಎಂದು ಶಾಲೆಯ ನಡಾವಳಿ ಪುಸ್ತಕದಲ್ಲಿ ನೋಡುವುದು. ಐದು ವರ್ಷ ಆಗಿರದಿದ್ದರೆ ಬಣ್ಣಕ್ಕೆ, ಬಟ್ಟೆಗೆ ಕೈ ಹಚ್ಚಬೇಡಿ. ಅದೇ ಬಣ್ಣ, ಅದೇ ಬಟ್ಟೆಯಲ್ಲಿ ಹುಡುಗಿಯರು ಪ್ಯಾಂಟನ್ನೂ ಹಾಕಬಹುದು ಎಂಬ ಆಯ್ಕೆ ಸೇರಿಸುವುದು ಸಮವಸ್ತ್ರದ ಬದಲಾವಣೆಯಲ್ಲ ಎಂದು ವಾದಿಸಲು ಚೆನ್ನಾಗಿಯೇ ಜಾಗವಿದೆ, ಹಳೆಯದನ್ನು ಯಾರೂ ಎಸೆಯಬೇಕಿಲ್ಲವಲ್ಲ. ಆದರೂ ನೋಟಿಸ್ ಕೊಟ್ಟೇ ಮಾಡುವುದು ಕ್ಷೇಮ.

ಸರ್ಕಾರಿ ಶಾಲೆಯಲ್ಲಿ ಹಣದ ಲೆಕ್ಕವೇ ಹುಡುಗ-ಹುಡುಗಿ ಎಂದು ಬೇರೆ ಇದೆ. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ ಎಂಟನೇ ತರಗತಿವರೆಗೆ ಎರಡು ಜೊತೆಗೆ ವರ್ಷಕ್ಕೆ 600 ರೂಪಾಯಿ. ಅದು ಎಲ್ಲ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಪಿಎಲ್ ಮನೆಯವರಿಗೆ. ರಾಜ್ಯದ ವಿದ್ಯಾವಿಕಾಸ ಯೋಜನೆಯ ಬಟ್ಟೆ ಬೇರೆ. ಒಂದು ಜೊತೆಗೆ ಬೀಳುವ 300 ರೂಪಾಯಿಯಲ್ಲಿ ಟೈಲರಣ್ಣ ಹೇಳಿದ ಆರು ಮೀಟರಿನ ಚೂಡಿದಾರ್ ಬಟ್ಟೆ, ಹೊಲಿಗೆ ಎರಡೂ ಆಗುತ್ತದೆಯೇ ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಹೊಲಿಗೆ ಕೂಲಿಯ ಹೊರೆ ತೋಟದ ಕಾರ್ಮಿಕರ ಲೈನ್ ಮನೆಯ, ಬುಡಕಟ್ಟು ಹಾಡಿಯ ತಂದೆತಾಯಿಯ ಮೇಲೆ ಬೀಳುತ್ತದೆ.

ಕುಟ್ಟದ_ಗಡಿಯವ

ಗಡಿಯಾಚೆ ಕೇರಳದಲ್ಲಿ ನಡೆದದ್ದನ್ನು ನೋಡದೆ ಮುಂದೆ ಹೋಗಬಾರದು. ಎರ್ನಾಕುಲಂ ಜಿಲ್ಲೆಯ ವಳಯಂಚಿರಂಗರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಎಲ್ಲ ಮಕ್ಕಳಿಗೂ ಶರ್ಟು ಮತ್ತು ಮಂಡಿ ದಾಟುವ ಮುಕ್ಕಾಲು ಚಡ್ಡಿ ತಂದಿತು. ಹೆಚ್ಚು ಗಲಾಟೆ ಇಲ್ಲದೆ ನಡೆಯಿತು, ಚಿಕ್ಕ ಮಕ್ಕಳು, ಪೋಷಕರ ಸಂಘವೇ ಮುಂದೆ ನಿಂತಿತ್ತು. 2021ರ ಡಿಸೆಂಬರಿನಲ್ಲಿ ಕೋಯಿಕ್ಕೋಡು ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆಯಲ್ಲಿ ಹುಡುಗಿಯರಿಗೂ ಪ್ಯಾಂಟು-ಶರ್ಟು ಬಂದಾಗ ಬೀದಿ ಪ್ರತಿಭಟನೆಯೇ ಆಯಿತು. ಬಹಳ ವಿದ್ಯಾರ್ಥಿನಿಯರು ಖುಷಿಪಟ್ಟರು, ಆದರೆ ಗಂಡಸರ ಉಡುಪನ್ನು ಹೆಣ್ಣುಮಕ್ಕಳ ಮೇಲೆ ಹೇರುತ್ತಿದ್ದಾರೆ ಎಂಬ ಆಕ್ಷೇಪ ಎದ್ದಿತು. ತೋಳುದ್ದದ ಶರ್ಟಿಗೂ ತಲೆವಸ್ತ್ರಕ್ಕೂ ಅಲ್ಲಿ ಅವಕಾಶ ಇತ್ತು. 2022ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಇಂಥ ಸಮವಸ್ತ್ರವನ್ನು ಸರ್ಕಾರ ಹೇರುವುದಿಲ್ಲ ಎಂದು ವಿಧಾನಸಭೆಯಲ್ಲೇ ಹೇಳಬೇಕಾಯಿತು.

ನನ್ನ ಆಕ್ಷೇಪವೂ ಅಲ್ಲೇ ಇದೆ. ಹದಿಮೂರು ದಾಟಿದ ಹುಡುಗಿಗೆ ಶರ್ಟು ಒಳಗೆ ಸೇರಿಸಿ ಬೆಲ್ಟು ಕಟ್ಟು ಎಂದರೆ ಎಷ್ಟೋ ಜನರಿಗೆ ಮುಜುಗರ. ಒಂದೇ ನಿಯಮ ಎಂಬ ಹೆಸರಲ್ಲಿ ಹುಡುಗರ ಉಡುಪನ್ನೇ ಎಲ್ಲರಿಗೂ ತೊಡಿಸಿದರೆ ಅದೂ ಒತ್ತಾಯವೇ.

ನಾಪೋಕ್ಲು_ಟೈಲರ್

ಗಡಿಯಣ್ಣ ಹೇಳಿದ ಮುಜುಗರಕ್ಕೆ ಅರ್ಧ ಕಾರಣ ಕಟಿಂಗ್. ಹುಡುಗರ ಅಳತೆಯ ಪ್ಯಾಂಟನ್ನೇ ಹುಡುಗಿಗೆ ಕೊಡುತ್ತಾರೆ. ಹನ್ನೆರಡು-ಹದಿಮೂರರಲ್ಲಿ ಹುಡುಗನಿಗೆ ಸೊಂಟ 26 ಇಂಚು, ಸೀಟು (ಕೂರುವ ಭಾಗದ ಸುತ್ತಳತೆ) 31 ಇದ್ದರೆ, ಹುಡುಗಿಗೆ ಅದೇ ಸೊಂಟಕ್ಕೆ ಸೀಟು 34 ಇರುತ್ತದೆ. ಸೊಂಟ ನೋಡಿ ಕೊಂಡರೆ ಹಿಂದೆ ಬಿಗಿದು ಕೂತಾಗ ಹೊಲಿಗೆ ಬಿಡುತ್ತದೆ. ಸೀಟು ನೋಡಿ ಕೊಂಡರೆ ಸೊಂಟ ಜೋಲುತ್ತದೆ, ಬೆಲ್ಟು ಕಟ್ಟಿದಾಗ ಹಿಂದೆ ಗಂಟುಗಂಟಾಗುತ್ತದೆ.

ಆದ್ದರಿಂದ ನಿಯಮ ಒಂದೇ ಇರಲಿ, ಕಟಿಂಗ್ ಎರಡು ಇರಲಿ. ಹುಡುಗಿಯರ ಪ್ಯಾಂಟಿಗೆ ಸೀಟಿನ ಅಳತೆ ತೆಗೆದು ಮೇಲೆ ಎರಡು ಇಂಚು ಸಡಿಲ ಕೊಡಿ. ಹಿಂಭಾಗದ ಎತ್ತರ ಮುಂಭಾಗಕ್ಕಿಂತ ಒಂದು ಇಂಚು ಹೆಚ್ಚಿರಲಿ, ಇಲ್ಲದಿದ್ದರೆ ಬಗ್ಗಿದಾಗ ಬೆನ್ನು ಕಾಣುತ್ತದೆ. ಹಿಂದೆ ಎರಡು ಡಾರ್ಟ್ (ಮೈಗೆ ಹೊಂದಲು ಬಟ್ಟೆ ಮಡಚಿ ಹಾಕುವ ಚೂಪು ಹೊಲಿಗೆ) ಹಾಕಿ, ಸೊಂಟಪಟ್ಟಿಯ ಹಿಂದಿನ ಅರ್ಧಕ್ಕೆ ಒಂದಿಂಚು ಅಗಲದ ಎಲಾಸ್ಟಿಕ್ ತೂರಿಸಿ. ಪಟ್ಟಿ 13 ಇಂಚು ಇದ್ದರೆ ಎಲಾಸ್ಟಿಕ್ 10 ಇಂಚು ಸಾಕು. ಮೂರನೇ ಕ್ಲಾಸಿನವರೆಗೆ ಎಲ್ಲರಿಗೂ ಪೂರಾ ಎಲಾಸ್ಟಿಕ್, ಹುಕ್ಕೂ ಬೇಡ, ಜಿಪ್ಪೂ ಬೇಡ. ಲಾಡಿ ಯಾರಿಗೂ ಬೇಡ.

ಮೇಲೆ ಶರ್ಟು ಒಳಗೆ ಸೇರಿಸಬೇಕೆಂಬ ಕಡ್ಡಾಯ ತೆಗೆಯಿರಿ. ಇಬ್ಬರಿಗೂ ಅಂಚು ನೇರ ಇರುವ, ಪಕ್ಕದಲ್ಲಿ ಮೂರಿಂಚು ಸೀಳು ಇರುವ ಶರ್ಟು ಹೊರಗೇ ಬಿಡಲಿ. ಬೇಕಾದವರಿಗೆ ತೊಡೆ ಅರ್ಧ ಬರುವ ಉದ್ದ ಟಾಪು, ಅದೇ ಬಟ್ಟೆಯಲ್ಲಿ. ವೇಲ್ ಬದಲು ಗುಂಡಿ ಹಾಕುವ ಓವರ್‌ಕೋಟು ಒಳ್ಳೆಯದು. ವೇಲ್ ಲ್ಯಾಬಿನ ಬೆಂಕಿಗೆ ತಾಗುತ್ತದೆ, ಬಸ್ಸಿನ ಬಾಗಿಲಿಗೆ ಸಿಕ್ಕುತ್ತದೆ, ನೆನೆದರೆ ಕುತ್ತಿಗೆಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ.

ಜೇಬು ಮರೆಯಬೇಡಿ. ಹುಡುಗರ ಪ್ಯಾಂಟಿಗೆ ಎರಡು ಜೇಬು, ಹುಡುಗಿಯರ ಸ್ಕರ್ಟಿಗೂ ಚೂಡಿದಾರಿಗೂ ಸೊನ್ನೆ. ಬಸ್ಸಿನ ಚಿಲ್ಲರೆ, ಕರ್ಚೀಫು, ಪ್ಯಾಡು ಎಲ್ಲಿಡಬೇಕು? ಪಕ್ಕದ ಹೊಲಿಗೆಯಲ್ಲಿ ಆರು ಇಂಚು ಬಾಯಿ ಬಿಟ್ಟು ಒಂಬತ್ತು ಇಂಚು ಆಳದ ಜೇಬು ಯಾವ ಉಡುಪಿಗೂ ಹಾಕಬಹುದು. ಕೆಲಸ ಹತ್ತು ನಿಮಿಷದ್ದು.

ಪ್ಯಾಂಟಿನ ಕೆಳಬಾಯಿ ಸುತ್ತಳತೆ 15 ಇಂಚು ಇರಲಿ. ಅದಕ್ಕಿಂತ ಕಿರಿದಾದರೆ ಮೀನಖಂಡದ ಮೇಲೆ ಮಡಚಲು ಬರುವುದಿಲ್ಲ, ಅಗಲವಾದರೆ ಗಮ್‌ಬೂಟಿನ ಒಳಗೆ ಮುದ್ದೆಯಾಗಿ ಕಾಲು ಉಜ್ಜುತ್ತದೆ. ಅಂಚಿನ ಒಳಗೆ ಮೂರಿಂಚು ಮಡಿಕೆ ಬಿಟ್ಟರೆ ಎರಡು ವರ್ಷ ಬಿಚ್ಚಿ ಇಳಿಸಬಹುದು.

ತೋಟದ_ಮನೆ_ಅಕ್ಕ

ಮಡಚಲು ಬರುವ ಹಾಗೆ ಹೊಲಿದು, ಶಾಲೆಯಲ್ಲಿ ಬದಲಿಸಲು ಕೋಣೆ ಕೊಟ್ಟರೆ ಪ್ಯಾಂಟಿಗೆ ನನ್ನ ತಕರಾರಿಲ್ಲ. ಆದರೆ ಐದನೇ ಕ್ಲಾಸಿನ ಕೆಳಗೆ ವಳಯಂಚಿರಂಗರದ ಮುಕ್ಕಾಲು ಚಡ್ಡಿಯೇ ನಮ್ಮ ಮಳೆಗೆ ಸರಿ. ಗಮ್‌ಬೂಟಿನ ಮೇಲೆ ನಿಲ್ಲುತ್ತದೆ, ಬೇಗ ಒಣಗುತ್ತದೆ, ಆಟಕ್ಕೂ ಆಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಮಡಿಕೇರಿಯ ಬೆಳಗಿನ ಚಳಿಗೆ ಮಾತ್ರ ಕಾಲು ಮುಚ್ಚುವ ಪ್ಯಾಂಟು ಬೇಕು. ಈಗ ಆ ಚಳಿಯಲ್ಲಿ ಏಳನೇ ಕ್ಲಾಸಿನ ಹುಡುಗ ಪ್ಯಾಂಟಿನಲ್ಲಿರುತ್ತಾನೆ, ಹುಡುಗಿ ಸ್ಕರ್ಟಿನಲ್ಲಿ. ಇದು ಯಾವ ನ್ಯಾಯ?

ಶೂ ವಿಷಯ: ಬಕಲ್ ಶೂ ಮೇಲೆ ತೆರೆದೇ ಇರುತ್ತದೆ, ಮೊದಲ ಗುಂಡಿಯಲ್ಲೇ ಕೆಸರು ತುಂಬುತ್ತದೆ. ಲೇಸ್ ಶೂ ಒಮ್ಮೆ ನೆನೆದರೆ ಪೇಪರ್ ತುರುಕಿದರೂ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಎಲ್ಲರಿಗೂ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಅಥವಾ ಗಮ್‌ಬೂಟು ಎಂದು ಬರೆಯಿರಿ. ಸಾಕ್ಸ್ ಬಿಳಿ ಬೇಡ, ಬೂದು.

ಬಟ್ಟೆ_ಅಂಗಡಿ_ಗೋಣಿಕೊಪ್ಪ

ಅಂಗಡಿ ಕಡೆಯಿಂದ ಒಂದೆರಡು ಮಾತು. ಹುಡುಗ-ಹುಡುಗಿ ಎಂದು ಬೇರೆ ಬಟ್ಟೆ ಇದ್ದರೆ ಶಾಲೆಗೆ ನಾಲ್ಕೈದು ಥಾನು ಬೇರೆ ಬೇರೆ ತರಿಸಬೇಕು, ಉಳಿದ ತುಂಡು ಇನ್ನೊಂದಕ್ಕೆ ಬರುವುದಿಲ್ಲ. ಒಂದೇ ಬಟ್ಟೆ ಆದರೆ ನೆಲಕ್ಕೆ ಬೀಳುವುದು ಕಡಿಮೆ, ಬೆಲೆಯಲ್ಲೂ ಚೌಕಾಸಿ ಮಾಡಲು ಬರುತ್ತದೆ.

ಅಣ್ಣನ ಶರ್ಟು ತಂಗಿಗೆ ಬರುವಂತಾದರೆ ಮನೆಗೆ ದೊಡ್ಡ ಉಳಿತಾಯ. ಅದಕ್ಕೆ ಅಡ್ಡ ಬರುವುದು ಗುಂಡಿ. ಹುಡುಗರ ಶರ್ಟಿಗೆ ಎಡಪಟ್ಟಿ ಮೇಲೆ, ಹುಡುಗಿಯರದ್ದಕ್ಕೆ ಬಲಪಟ್ಟಿ ಮೇಲೆ ಹೊಲಿಯುವ ವಾಡಿಕೆ ಇದೆ. ಹೈಸ್ಕೂಲಿನ ಕೆಳಗೆ ಎಲ್ಲರಿಗೂ ಎಡಪಟ್ಟಿ ಮೇಲೆ ಎಂದು ಶಾಲೆಯೇ ಬರೆದುಕೊಟ್ಟರೆ ಹೊಲಿಯುವವರು ಹಾಗೇ ಹೊಲಿಯುತ್ತಾರೆ. ಹೇಳದಿದ್ದರೆ ರೂಢಿಯಂತೆಯೇ ಬರುತ್ತದೆ.

ಪೋಷಕರ_ಸಭೆ_ಮಡಿಕೇರಿ

ಇಷ್ಟನ್ನು ಸೇರಿಸಿ ಸಭೆಗೆ ಇಡಬಹುದಾದ ಕರಡು ಹೀಗೆ ಬರೆದಿದ್ದೇನೆ, ತಿದ್ದಿ:

“ಈಗಿನ ಬಣ್ಣ ಮತ್ತು ಬಟ್ಟೆಯಲ್ಲಿಯೇ ಶಾಲೆಯ ಯಾವ ವಿದ್ಯಾರ್ಥಿಯಾದರೂ ಪ್ಯಾಂಟು, ಮುಕ್ಕಾಲು ಚಡ್ಡಿ, ಒಳಗೆ ಶಾರ್ಟ್ಸ್ ಇರುವ ನೆರಿಗೆಯಿಲ್ಲದ ಸ್ಕರ್ಟು ಅಥವಾ ಉದ್ದ ಟಾಪು-ಪ್ಯಾಂಟು, ಇವುಗಳಲ್ಲಿ ಒಂದನ್ನು ಧರಿಸಬಹುದು. ಎಲ್ಲ ಉಡುಪಿಗೂ ಎರಡು ಜೇಬು ಇರತಕ್ಕದ್ದು. ಕೂದಲು, ಪಾದರಕ್ಷೆ, ಸ್ವೆಟರ್ ನಿಯಮ ಎಲ್ಲರಿಗೂ ಒಂದೇ. ಶನಿವಾರ ಬಿಳಿ ಮೇಲುಡುಪು ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ ಅಥವಾ ಗಮ್‌ಬೂಟು. ಈಗಾಗಲೇ ಹೊಲಿಸಿದ ಉಡುಪು ಹರಿಯುವವರೆಗೆ ಬಳಸಬಹುದು.”

ವಕೀಲ_ವಿರಾಜಪೇಟೆ

ಚೆನ್ನಾಗಿದೆ. ಎರಡು ಸೇರಿಸಿ. ಒಂದು, “ಆಯ್ಕೆ ವಿದ್ಯಾರ್ಥಿ ಮತ್ತು ಪೋಷಕರದ್ದು, ಶಿಕ್ಷಕರು ಕಾರಣ ಕೇಳುವಂತಿಲ್ಲ.” ಇದಿಲ್ಲದಿದ್ದರೆ ಆಯ್ಕೆ ಕಾಗದದ ಮೇಲೆ ಉಳಿಯುತ್ತದೆ, ಪ್ಯಾಂಟು ಹಾಕಿದ ಮೊದಲ ಹುಡುಗಿಯನ್ನು ಅಸೆಂಬ್ಲಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಎರಡು, ಉಡುಪಿನ ಕಾರಣಕ್ಕೆ ಯಾವ ಮಗುವನ್ನೂ ತರಗತಿಯಿಂದ ಹೊರಗೆ ಕಳಿಸುವಂತಿಲ್ಲ. ಸಭೆಯಲ್ಲಿ ತಾಯಂದಿರ ಸಹಿ ಬೇರೆ ಎಣಿಸಿ, ಒಗೆದು ಒಣಗಿಸುವವರು ಅವರೇ. ಎಂಟರಿಂದ ಹತ್ತರ ಹುಡುಗಿಯರಿಂದ ಹೆಸರಿಲ್ಲದ ಚೀಟಿಯಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ಕೈ ಎತ್ತಿಸಿದರೆ ನಿಜ ಹೊರಗೆ ಬರುವುದಿಲ್ಲ.

ಪಿಟಿ_ಮಾಸ್ತರ್_ಪೊನ್ನಂಪೇಟೆ

ಹುಡುಗರ ಕೂದಲಿನ ನಿಯಮವನ್ನೂ ಒಂದೇ ಮಾಡಿದ್ದು ನ್ಯಾಯ. ಅಷ್ಟಕ್ಕೇ ಸಭೆಯಲ್ಲಿ ಜಗಳ ಏಳಬಹುದು, ಆಗ ಪ್ಯಾಂಟು-ಜೇಬಿನ ಮಾತು ಮುಳುಗದಂತೆ ನೋಡಿಕೊಳ್ಳಿ. ಬೇಕಾದರೆ ಕೂದಲನ್ನು ಬೇರೆ ನಿರ್ಣಯ ಮಾಡಿ.

ಪೋಷಕರ_ಸಭೆ_ಮಡಿಕೇರಿ

ಸರಿ ಮೇಷ್ಟ್ರೇ, ಬೇರೆ ಮಾಡುತ್ತೇನೆ. ಅಂಗಡಿಯವರೇ, ಯಾವಾಗ ಆರ್ಡರ್ ಕೊಟ್ಟರೆ ಮೇ ಕೊನೆಗೆ ಕೈಗೆ ಬರುತ್ತದೆ?

ಬಟ್ಟೆ_ಅಂಗಡಿ_ಗೋಣಿಕೊಪ್ಪ

ಜನವರಿಯಲ್ಲಿ ಅಳತೆ, ಫೆಬ್ರವರಿ ಒಳಗೆ ಯಾವ ಉಡುಪು ಎಷ್ಟು ಎಂಬ ಪಟ್ಟಿ. ಮಾರ್ಚ್ ದಾಟಿದರೆ ಎಲ್ಲ ಶಾಲೆಯ ಆರ್ಡರೂ ಒಟ್ಟಿಗೇ ಬೀಳುತ್ತದೆ, ಹೊಲಿಗೆ ತಪ್ಪುವುದು ಆಗಲೇ. ಸ್ಕರ್ಟು, ಪ್ಯಾಂಟು ಎರಡಕ್ಕೂ ಒಂದೇ ಡೈ ಲಾಟಿನ, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ಬಟ್ಟೆ ಕೇಳಿ, ಥಾನಿನ ಅಂಚಿನಲ್ಲಿ ಲಾಟ್ ನಂಬರ್ ಇರುತ್ತದೆ. ಬೇರೆ ಲಾಟ್ ಆದರೆ ನೇವಿ ಬ್ಲೂನಲ್ಲೇ ಎರಡು ಛಾಯೆ ಬರುತ್ತದೆ, ಆಯ್ಕೆ ಮಾಡಿಕೊಂಡ ಮಕ್ಕಳು ಸಾಲಿನಲ್ಲಿ ಎದ್ದು ಕಾಣುತ್ತಾರೆ. ಐದು ಮೀಟರ್ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ, ನಡುವರ್ಷ ಸೇರುವವರಿಗೂ ತೇಪೆಗೂ ಬೇಕಾಗುತ್ತದೆ.